ಮಾವನ ಕಮೆಂಟು, ಸೊಸೆಯ ಬ್ಲಾಗು

ಬಾಯಿ ಮುಚ್ಚಿಕೊಂಡಿದ್ದರೂ ಬೆರಳು ಸುಮ್ಮನಿರದ ನನ್ನಂಥವರಿಗೆ ಇಂಥ ಪಜೀತಿಗಳು ಆಗುತ್ತಲೇ ಇರುತ್ತವೆ. ನನಗಂತೂ ಮದುವೆಗೆ ಮುಂಚೆಯೇ ಶುರುವಾಗಿತ್ತು.

ಎರಡೂ ಕಡೆಯ ಬೈಗುಳ

ಆಗಿನ್ನೂ ನಮ್ಮ ಕಡೆ ಇಂಟರ್ನೆಟ್ಟು ಕಂಡವರು ಕಡಿಮೆ. ಹೆಸರು ಹಾಕದೆ ಯಾರನ್ನಾದರೂ ಬೈಯಬೇಕೆಂದರೆ ಕರಪತ್ರವೇ ಗತಿ. ನಾನು ಕುಂದಾಪುರದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಪಂಚಾಯತ್ ಚುನಾವಣೆ ಬಂತೆಂದರೆ ಲಗ್ನಪತ್ರಿಕೆಗಳನ್ನೆಲ್ಲ ಬದಿಗಿಟ್ಟು ಬೈಗುಳ ಟೈಪ್ ಮಾಡುವ ಕೆಲಸ.

ಒಂದು ಸಲ ಬೆಳಿಗ್ಗೆ ಒಬ್ಬ ಅಭ್ಯರ್ಥಿ ಬಂದು ಎದುರಾಳಿಯ ಮೇಲೆ ಬರೆಸಿಕೊಂಡು ಹೋದರು. ಮಧ್ಯಾಹ್ನ ಆ ಎದುರಾಳಿಯೇ ಬಂದರು, ಉತ್ತರ ಕೊಡಲು. "ಇದ್ರಂಗೆ ಖಾರ ಸಾಕಾತಿಲ್ಲೆ, ನೀವೇ ಒಂದ್ ಶಬ್ದ ಹೇಳಿ ಕಾಂಬ" ಎಂದರು. ನಾನು "ಗೋಮುಖವ್ಯಾಘ್ರ" ಎಂದೆ. ಅವರಿಗೆ ಬಾಯಿ ಚಪ್ಪರಿಸುವಷ್ಟು ಖುಷಿಯಾಯಿತು. ಅದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿದ್ದೇ ತಡ, ಮೊದಲಿನವರು ಓಡಿಬಂದು ಅದಕ್ಕಿಂತ ದೊಡ್ಡದು ಕೇಳಿದರು. "ಬಕಧ್ಯಾನಿ" ಕೊಟ್ಟು ಕಳಿಸಿದೆ.

ಚುನಾವಣೆ ಮುಗಿಯಿತು. ಸೋತವರು ಬಾಕಿ ಬಿಲ್ಲು ಕೊಡಲು ಬಂದಾಗ ನನ್ನ ಮೇಜಿನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಮುಂದಿನ್ ಸಲ ಅವ್ರಿಗೆ ಸ್ವಲ್ಪ ಸಪ್ಪೆ ಶಬ್ದ ಕೊಡಿ, ಅಕ್ಕ."

ನೊಂದ ಕಾರ್ಯಕರ್ತ

ಮದುವೆಯಾಗಿ ಗಂಗೊಳ್ಳಿಗೆ ಬಂದೆ. ಮಾವನದು ಐಸ್ ಪ್ಲಾಂಟು. ಬೋಟುಗಳಿಗೆ ಐಸು ಕೊಡುವ ವ್ಯಾಪಾರ. ಆದರೆ ಮನಸ್ಸೆಲ್ಲ ಪಕ್ಷದ ಮೇಲೆ. ಜಿಲ್ಲಾ ಪಂಚಾಯತ್ ಟಿಕೆಟಿಗಾಗಿ ಕಾದು ಕಾದು ಅವರ ಕೂದಲೇ ಬೆಳ್ಳಗಾಗಿತ್ತು. ಎರಡು ಸಲ ಕೈತಪ್ಪಿತ್ತು.

ಪ್ಲಾಂಟಿನ ಲೆಕ್ಕಕ್ಕೆಂದು ಮನೆಗೆ ಕಂಪ್ಯೂಟರ್ ಬಂತು, ಹಿಂದೆಯೇ ಇಂಟರ್ನೆಟ್ಟೂ ಬಂತು. ನನ್ನ ಬೆರಳು ತುರಿಸಿತು. ಹೊಳೆ ಸಮುದ್ರ ಸೇರುವ ನಮ್ಮೂರ ಅಳಿವೆಯನ್ನು ನೆನೆದು "ಅಳಿವೆಗಾಳಿ" ಎಂದು ಹೆಸರಿಟ್ಟು, ನನ್ನ ಹೆಸರು ಹಾಕದೆ ಒಂದು ಬ್ಲಾಗು ತೆರೆದೆ. ಮೊದಮೊದಲು ಸೂರ್ಯಾಸ್ತ, ಸಮುದ್ರ ಅಂತೆಲ್ಲ ಬರೆದೆ. ನಾಯಿಯೂ ಮೂಸಲಿಲ್ಲ. ಆಮೇಲೆ ಒಂದು ದಿನ, ಬಂದರಿನ ರಸ್ತೆಗೆ ಒಂದೇ ಕಲ್ಲಿನಿಂದ ಮತ್ತೆ ಮತ್ತೆ ಶಂಕುಸ್ಥಾಪನೆ ಆಗುತ್ತಿದೆ, ಬದಲಾಗುವುದು ಮಾಲೆ ಮಾತ್ರ ಎಂದು ಬರೆದೆ. ಮುಂಬೈಯ ಹೋಟೆಲುಗಳಲ್ಲಿದ್ದ ನಮ್ಮೂರಿನವರೆಲ್ಲ ಬಂದು ಕಮೆಂಟು ಹಾಕಿದ್ದೇ ಹಾಕಿದ್ದು.

ಮರುದಿನ ಮಾವ ಯಾರೋ ಪ್ರಿಂಟು ತೆಗೆದುಕೊಟ್ಟ ಹಾಳೆ ಹಿಡಿದುಕೊಂಡು ಬಂದರು. ಮುಖ ಕೆಂಪಾಗಿತ್ತು. ಆ ಕಲ್ಲಿಗೆ ಮಾಲೆ ಹಾಕಿದವರಲ್ಲಿ ಅವರೂ ಇದ್ದರು.

"ಹೆಣೆ, ನೀ ಪ್ರೆಸ್ಸಂಗ್ ಇದ್ದೋಳ್ ಅಲ್ದಾ? ಕೂಕೋ. ನಾನ್ ಹೇಳ್ತೆ, ನೀ ಟೈಪ್ ಮಾಡ್. ಈ ಅಳಿವೆಗಾಳಿಯವ್ನಿಗೆ ಒಂದ್ ಉತ್ರ ಕೊಡ್ಕ್."

ಮಾವ ಹೇಳಿದರು, ನಾನು ನನ್ನನ್ನೇ ಬೈದು ಟೈಪ್ ಮಾಡಿದೆ. ಹಳೇ ಚಾಳಿ ಬಿಡುತ್ತದೆಯೇ? ಅವರ "ಅಯೋಗ್ಯ" ಸಪ್ಪೆ ಅನ್ನಿಸಿ, "ನೆರಳಿನಲ್ಲಿ ನಿಂತು ಕಲ್ಲು ಬೀರುವ ಅಯೋಗ್ಯ" ಎಂದು ತಿದ್ದಿದೆ. ಮಾವ ತಲೆದೂಗಿದರು. ಕೊನೆಗೆ ಹೆಸರಿನ ಜಾಗದಲ್ಲಿ "ಇಂತಿ, ನೊಂದ ಕಾರ್ಯಕರ್ತ" ಎಂದು ಹಾಕಿಸಿದರು. ಅಂದಿನಿಂದ ಅದೇ ವಾಡಿಕೆಯಾಯಿತು. ನಾನು ಬರೆಯುವುದು, ಮಾವ ನೋಯುವುದು, ನಾನೇ ಟೈಪ್ ಮಾಡುವುದು. ನನ್ನ ಗಂಡನಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವರು ಊಟದ ಹೊತ್ತಿಗೆ ತಟ್ಟೆಯಿಂದ ತಲೆ ಎತ್ತುವುದನ್ನೇ ಬಿಟ್ಟರು.

ಒಂದು ಸಂಜೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ಗೆದ್ದವರ ಹಾಗೆ ನಿಂತರು. "ಕಂಡ್ಯಾ ಹೆಣೆ? ಬೆಳಿಗ್ಗೆ ಹಾಕಿದ್ದಕ್ಕೆ ಅವ್ನಿಗೆ ಇನ್ನೂ ಉತ್ರ ಕೊಡೂಕ್ ಆಯ್ಲಿಲ್ಲೆ!"

ಹೇಗೆ ಕೊಡಲಿ? ಬೆಳಿಗ್ಗೆಯಿಂದ ನಾನು ಅವರ ನೆಂಟರಿಗೆ ಅಡುಗೆ ಮಾಡುತ್ತಿದ್ದೆ.

ಶಾಲು ಹೊದೆದವರು

ಅಳಿವೆಗಾಳಿ ಯಾರು ಎಂಬ ಗುಸುಗುಸು ಬಂದರಿನಿಂದ ಬೈಂದೂರಿನವರೆಗೂ ಹೋಯಿತು. ಕಡೆಗೆ ಊರು ಒಂದು ತೀರ್ಮಾನಕ್ಕೆ ಬಂತು: ಬಿಜೂರಿನಲ್ಲಿ ನಿವೃತ್ತ ಹೆಡ್‌ಮಾಸ್ಟರೊಬ್ಬರಿದ್ದಾರೆ, ಅಷ್ಟು ಚಂದ ಕನ್ನಡ ಇನ್ಯಾರಿಗೂ ಬರುವುದಿಲ್ಲ, ಅವರೇ. ಮೊದಮೊದಲು ಅವರು "ನಾನಲ್ಲ ಮಾರಾಯ್ರೆ" ಎಂದು ಕೈಮುಗಿದರು. ಜನ ಎದ್ದು ನಿಂತು ಕುರ್ಚಿ ಕೊಡಲು ಶುರುಮಾಡಿದ ಮೇಲೆ ಸುಮ್ಮನೆ ನಗತೊಡಗಿದರು.

ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು, ಹಣ್ಣು, ಸನ್ಮಾನ. ನಾವೂ ಹೋಗಿದ್ದೆವು. ಮಾವ ಅವರನ್ನು ದುರುಗುಟ್ಟಿ ನೋಡುತ್ತ ಕೂತಿದ್ದರು. ಮೇಷ್ಟ್ರು ಮೈಕು ಹಿಡಿದು, ಸತ್ಯ ಬರೆಯುವವನ ಕಷ್ಟ ಅನುಭವಿಸಿದವನಿಗೇ ಗೊತ್ತು ಎಂದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ಹೊಟ್ಟೆ ಉರಿಯಿತು ಅನ್ನುವುದೂ ನಿಜವೇ.

ಊಟದ ಪಂಕ್ತಿಯಲ್ಲಿ ಅವರು ನನ್ನ ಪಕ್ಕದಲ್ಲೇ ಕೂತರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ನಿಮ್ಮನಿಯಂಗೆ ಕಂಪ್ಯೂಟರ್ ಇತ್ತಂಬ್ರಲೆ ಮಗಾ. ಈ ಬ್ಲಾಗ್ ಅಂದ್ರೆ ಎಂತದ್?"

ಬಂಗುಡೆ ಸಾರು

ಮತ್ತೆ ಚುನಾವಣೆ ಬಂತು. ಈ ಸಲ ಟಿಕೆಟು ಮಾವನಿಗೇ ಎಂದು ಸುದ್ದಿ. ಅದರ ಮಾತುಕತೆಗೆ ಬ್ರಹ್ಮಾವರ, ಬೈಂದೂರು, ಕುಂದಾಪುರದ ಮೂವರು ಮುಖಂಡರು ನಮ್ಮ ಮನೆಗೇ ಬಂದರು. ಗುಟ್ಟಿನ ಸಭೆ. ಅವತ್ತು ಸೋಮವಾರ, ನನಗೆ ಒಪ್ಪತ್ತು, ಮೀನು ತಿನ್ನುವುದಿಲ್ಲ. ಬಂಗುಡೆ ಸಾರು ಮಾಡಿ ಬಡಿಸಿದ್ದಷ್ಟೇ. ಚಾವಡಿಯಲ್ಲಿ ಆಡಿದ್ದೆಲ್ಲ ಅಡುಗೆಮನೆಗೆ ಕೇಳುತ್ತಿತ್ತು. ಜನರ ನೀರು, ರಸ್ತೆ ಯಾವುದರ ಮಾತೂ ಇಲ್ಲ. ಫ್ಲೆಕ್ಸಿನಲ್ಲಿ ಯಾರ ತಲೆ ಎಷ್ಟು ದೊಡ್ಡದಿರಬೇಕು ಎಂಬುದೇ ಇಡೀ ಹೊತ್ತಿನ ಚರ್ಚೆ. ನನಗೆ ತಡೆಯಲಾಗಲಿಲ್ಲ. ಬರೆದುಬಿಟ್ಟೆ.

ಮರುದಿನವೇ ರಾದ್ಧಾಂತ. ಮೂವರೂ ಒಬ್ಬರ ಮೇಲೊಬ್ಬರು ಸಂಶಯಪಡುತ್ತ ಮತ್ತೆ ಬಂದು ಕೂತರು. ಬೈಂದೂರಿನವರು ಕಡ್ಡಿ ಮುರಿದ ಹಾಗೆ ಹೇಳಿದರು: "ನಿಮ್ಮನಿ ಚಾವಡಿಯಂಗ್ ಆಡಿದ್ ಮಾತ್ ಊರಿಡೀ ಹೋಯ್ತ್. ಹೀಂಗಾರೆ ನಿಮ್ಗೆ ಟಿಕೆಟ್ ಕೊಡೂದ್ ಹ್ಯಾಂಗೆ?"

ಮಾವನ ಮುಖ ಬಾಡಿತು. ನನಗೆ ಆಗ ನಿಜಕ್ಕೂ ಅಳು ಬಂತು. ನನ್ನ ಒಂದು ತಮಾಷೆಗೆ ಅವರ ಇಷ್ಟು ವರ್ಷದ ಆಸೆ ಹೋಗುತ್ತದಲ್ಲ. ಒಪ್ಪಿಕೊಂಡುಬಿಡೋಣ ಎಂದು ಬಾಗಿಲು ದಾಟಿ ಬಂದೆ. ಅಷ್ಟರಲ್ಲಿ ಮಾವನೇ, "ಅವ ಎಂತ ಬರ್ದಿದ್ದ ಅಂದ್ಹೇಳಿ ಪೂರಾ ಕೇಂಬ. ಸೊಸಿ ಹತ್ರ ಓದ್ಸುವ" ಎಂದು ಹಾಳೆಯನ್ನು ನನ್ನ ಕೈಗಿಟ್ಟರು.

ಓದಿದೆ. ಕೊನೆಯ ಸಾಲು ಹೀಗಿತ್ತು: "ಅಂದಿನ ಸಭೆಯಲ್ಲಿ ಹದವಾಗಿದ್ದದ್ದು ಬಂಗುಡೆ ಸಾರು ಒಂದೇ."

ಬ್ರಹ್ಮಾವರದವರು ತೊಡೆ ತಟ್ಟಿದರು.

"ಹ್ವಾಯ್, ಇದ್ ಬರ್ದವ ಅವತ್ತ್ ಇಲ್ಲಿ ಉಣ್ಲೇ ಇಲ್ಲೆ! ಆ ಸಾರ್ ಉಂಡ್ಕಂಡ್ ನಾನ್ ಬ್ರಹ್ಮಾವರ ಮುಟ್ಟೂವರಿಗೂ ನೀರ್ ಕುಡ್ದೆ!"

"ಉಪ್ಪೇ ಉಪ್ಪು!" ಎಂದರು ಬೈಂದೂರಿನವರು. "ಮರ್ಯಾದಿಗೆ ಹೇಳ್ಲಿಲ್ಲೆ ಅಷ್ಟೇ."

ಕುಂದಾಪುರದವರೂ ನಕ್ಕರು. ಉಂಡವರು ಯಾರೂ ಹೀಗೆ ಬರೆಯುವುದು ಸಾಧ್ಯವೇ ಇಲ್ಲ, ಯಾರೋ ಹೊರಗಿನವನು ಊಹೆಯ ಮೇಲೆ ಗೀಚಿದ್ದಾನೆ ಎಂದು ಮೂವರಿಗೂ ಖಾತ್ರಿಯಾಯಿತು. ಸಂಶಯ ಹೋಯಿತು, ಚಾ ಬಂತು, ಟಿಕೆಟು ಮಾವನಿಗೇ ಎಂದು ಕೈಕುಲುಕಿ ಹೊರಟರು. ನಾನು ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. "ನೀ ಉಪ್ಪ್ ಹಾಕಿದ್ದ್ ಗೊತ್ತಿಲ್ದೆ ನಾನೂ ಹಾಕ್ದೆ. ನಿಂಗೆ ಬೇಜಾರ್ ಆತ್ತ್ ಅಂದ್ಹೇಳಿ ಸುಮ್ನಿದ್ದೆ" ಎಂದರು.

ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಡುವಷ್ಟರಲ್ಲಿ ಮಾವ ಕಂಪ್ಯೂಟರಿನ ಹತ್ತಿರ ಕರೆದರು. ಎಂದಿನಂತೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು.

"ಬರಿ ಹೆಣೆ. ಮಾನ್ಯರೇ, ಅಂದಿನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು."

ಟೈಪ್ ಮಾಡಿದೆ.

"ಸೋಮವಾರ ಮೀನು ತಿನ್ನದವರು, ತಿಂದವರ ಹತ್ತಿರ ಕೇಳಿ ಬರೆಯಬೇಕಿತ್ತು."

ನನ್ನ ಬೆರಳು ನಿಂತುಹೋಯಿತು. ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎಂತಕ್ ನಿಲ್ಸ್ದೆ? ಟೈಪ್ ಮಾಡ್."

ಮಾಡಿದೆ. ಕೊನೆಗೆ ಕೇಳಿದೆ: "ಕಡೀಗೆ ನೊಂದ ಕಾರ್ಯಕರ್ತ ಅಂದ್ಹೇಳಿ ಹಾಕ್ಲಾ, ಮಾವ?"

"ಬ್ಯಾಡ," ಎಂದರು ಮಾವ. "ಇವತ್ತ್ 'ಇಂತಿ, ನಿನ್ನ ಮಾವ' ಅಂದ್ಹೇಳಿ ಹಾಕ್."