ಅತ್ತೆಯ ಮುಯ್ಯಿ

ನನ್ನ ಸೋದರತ್ತೆಗೆ ಪುಕ್ಕಟೆ ಹಾಡು ಕೇಳಿದರೆ ಅಜೀರ್ಣವಾಗುತ್ತದೆ. ನಂಬುವುದಿಲ್ಲವೇ? ಅವರ ಕೈಹಿಡಿದುಕೊಂಡು ಹಲಸೂರಿನ ಛತ್ರಗಳಲ್ಲಿ ಮದುವೆ ಊಟ ಉಂಡು ಬೆಳೆದ ನಾನೇ ಸಾಕ್ಷಿ! ಆಗೆಲ್ಲ ಆರತಕ್ಷತೆ ಎಂದರೆ ವಾದ್ಯಗೋಷ್ಠಿ ಇರಲೇಬೇಕು. ನಾವು ಮಕ್ಕಳು ಐಸ್‌ಕ್ರೀಮಿನ ಕಡೆಗೆ ಓಡುತ್ತಿದ್ದರೆ, ಅತ್ತೆ ಮೊದಲು ವಧೂವರರಿಗೊಂದು ಮುಯ್ಯಿ ಕವರ್ ಕೊಟ್ಟು, ಅಲ್ಲಿಂದ ಸೀದಾ ಹಾಡುಗಾರನ ಹತ್ತಿರ ಹೋಗಿ ಅವನಿಗೂ ಒಂದು ಕವರ್ ಚಾಚುತ್ತಿದ್ದರು. ಪಾಪ, ಅವನು ಮೈಕ್ ಹಿಡಿಯಬೇಕೋ ಕವರ್ ಹಿಡಿಯಬೇಕೋ? ಕೇಳಿದರೆ ನಮಗೇ ಗದರಿಕೆ. ಗಂಡು ಹೆಣ್ಣು ಸುಮ್ಮನೆ ನಿಂತಿದ್ದಕ್ಕೇ ಮುಯ್ಯಿ ಮಾಡುತ್ತೇವೆ, ಗಂಟಲು ಹರಿದುಕೊಂಡವನು ಬರಿಗೈಯಲ್ಲಿ ಹೋಗಬೇಕೇ ಎನ್ನುವುದು ಅವರ ವಾದ. ಆ ಗೋಷ್ಠಿಗಳು ಈಗ ಎಲ್ಲಿವೆ? ನೆನೆದಾಗಲೆಲ್ಲ ಮನಸ್ಸು ಅತ್ತಲೇ ಹೋಗುತ್ತದೆ.

ಮೂರು ವರ್ಷದ ಹಿಂದೆ ಅತ್ತೆಯ ಮನೆಯ ಮಹಡಿ ಕೋಣೆಗೆ ಸೇಡಂ ಕಡೆಯ ಮಹಾದೇವಿ ಬಾಡಿಗೆಗೆ ಬಂದಳು. ಹಗಲು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ, ಸಂಜೆ ರ‍್ಯಾಪ್! ಅವಳ ಹಾಡನ್ನು ಊರೆಲ್ಲ ಫೋನಿನಲ್ಲಿ ಕೇಳುತ್ತದೆ, ಬರುವ ದುಡ್ಡು ಮಾತ್ರ ತಿಂಗಳಿಗೊಂದು ಮಸಾಲೆದೋಸೆಗೂ ಸಾಲದು ಎಂದು ತಿಳಿದ ದಿನ ಅತ್ತೆ ದಂಗಾದರು.

"ಹಂಗಾದ್ರೆ ಮದುವೆ ಕಾರ್ಡ್‌ನಲ್ಲಿ ಹಾಕ್ತಾರಲ್ಲಮ್ಮ, 'ಆಶೀರ್ವಾದವೇ ಉಡುಗೊರೆ' ಅಂತ, ಅದೇ ಕತೆ ಅನ್ನು."

"ಹೌದ್ರಿ ಅವ್ವಾ," ಎಂದಳು ಮಹಾದೇವಿ, "ಆಶೀರ್ವಾದ ಭಾಳ ಬಂದಾವ್ರಿ."

ಇಂದಿರಾನಗರದ ಒಂದು ಪಬ್ಬಿನ ನೆಲಮಾಳಿಗೆಯಲ್ಲಿ ಅವಳ ಹಾಡು ಎಂದು ಗೊತ್ತಾದದ್ದೇ ತಡ, ಅತ್ತೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನನ್ನನ್ನೂ ಎಳೆದುಕೊಂಡು ಹೊರಟರು. ಬಾಗಿಲಲ್ಲಿದ್ದ ದಾಂಡಿಗ ಅವರ ಕುಂಕುಮದ ಭರಣಿಯನ್ನು ಮೂಸಿ ನೋಡಿ ಒಳಗೆ ಬಿಟ್ಟ! ಬೆಳಗ್ಗೆ ಏಳಕ್ಕೆಲ್ಲ ನೀರು ನಿಲ್ಲಿಸಿಬಿಡುವ ಮನೆ ಮಾಲೀಕರನ್ನು ಮಹಾದೇವಿ ತನ್ನ ಹಾಡಿನಲ್ಲಿ ಹಿಗ್ಗಾಮುಗ್ಗಾ ಜಾಡಿಸುತ್ತಿದ್ದಳು. ಅತ್ತೆ ತಲೆದೂಗಿದ್ದೇ ತಲೆದೂಗಿದ್ದು. ಯಾರ ಮನೆಯವರೋ, ಎಂಥ ಪಾಪಿಗಳೋ ಎಂದು ನನ್ನ ಕಿವಿಯಲ್ಲಿ ಮರುಗಿದರು. ಆಮೇಲೆ ವೇದಿಕೆ ಹತ್ತಿ, ಗಾಯಕಿಗೆ ಕುಂಕುಮ ಇಟ್ಟು, ಕವರ್ ಕೊಟ್ಟೇ ಇಳಿದರು. ಆ ಪಾಪಿ ಯಾರೆಂದು ಅವರಿಗೆ ಹೊಳೆದದ್ದು ಆಟೋದಲ್ಲಿ. ಮಾರನೆಯ ದಿನದಿಂದ ಒಂಬತ್ತರವರೆಗೆ ನೀರು ಬಂತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮಹಾದೇವಿ ಕೋಣೆ ಖಾಲಿ ಮಾಡುತ್ತೇನೆ ಎಂದಳು. ಹಾಡು ಬಿಟ್ಟು ಊರು ಸೇರುವ ಯೋಚನೆ. "ಕೈಲೆ ರೊಕ್ಕ ಹಾಕಿ ಹಾಡೂದು ಇನ್ನ ನನ್ನ ಕೈಲೆ ಆಗಂಗಿಲ್ರಿ ಅವ್ವಾ," ಎಂದಳು.

ಅತ್ತೆ ಸೀದಾ ಹೋಗಿ ಕಾರ್ಡ್ ಮಾಡಿಸಿದರು! ಮೂಲೆಗೆ ಅರಿಶಿನ ಹಚ್ಚಿದ್ದ ಆ ಕಾರ್ಡಿನಲ್ಲಿ, ತಮ್ಮ ಮನೆಯ ತಾರಸಿಯ ಮೇಲೆ ಮಹಾದೇವಿಯ ಗಾನಗೋಷ್ಠಿ ಎಂದಿತ್ತು. ಕೆಳಗೆ ದಪ್ಪಕ್ಷರದಲ್ಲಿ, 'ಉಡುಗೊರೆಗಳನ್ನು ಕಡ್ಡಾಯವಾಗಿ ತರತಕ್ಕದ್ದು.' ನೆಂಟರೆಲ್ಲ ಬಂದು ಗಂಡು ಎಲ್ಲಿ ಎಂದು ಹುಡುಕಿದರು. ಅತ್ತೆ ಸ್ಪೀಕರ್ ಡಬ್ಬ ತೋರಿಸಿದರು. ಹಾಡು ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಮಹಾದೇವಿಗೆ ಮುಯ್ಯಿ ಮಾಡಿದರು. ಹೊಸ ತಿಪ್ಪಸಂದ್ರದ ನಮ್ಮ ದೊಡ್ಡಪ್ಪನ ಮಗ ತನ್ನ ಗೃಹಪ್ರವೇಶಕ್ಕೆ ಇವಳೇ ಹಾಡಬೇಕೆಂದು ಅಲ್ಲೇ ಮುಂಗಡ ಕೊಟ್ಟ. ಬೆನ್ಸನ್ ಟೌನಿನ ನೆಂಟರೂ ದಿನ ಗೊತ್ತುಮಾಡಿಕೊಂಡರು. ಕೋಣೆ ಖಾಲಿ ಮಾಡುವ ಮಾತು ಅಲ್ಲಿಗೆ ನಿಂತಿತು.

ಎಲ್ಲರೂ ಊಟಕ್ಕೆ ಏಳುವಷ್ಟರಲ್ಲಿ ಮಹಾದೇವಿ ಅತ್ತೆಯ ಕೈಹಿಡಿದು ಎಳೆತಂದು ವೇದಿಕೆಯ ಕುರ್ಚಿಯ ಮೇಲೆ ಕೂರಿಸಿದಳು. ಅವರ ಮಡಿಲಿಗೆ ಒಂದು ಸೀರೆ, ತಾನೇ ಹೊಲಿದ ಕುಪ್ಪಸ ಇಟ್ಟಳು. "ನಮ್ಮ ಕಡೆ ಇದಕ್ಕ ಆಯೇರಿ ಅಂತಾರ್ರಿ ಅವ್ವಾ. ನಿಮಗ ಯಾರೂ ಮಾಡಿಲ್ಲಲ್ರಿ."

ಹೌದಲ್ಲ! ನನ್ನ ಮದುವೆ, ತಂಗಿಯ ಮದುವೆ, ನಮ್ಮ ಮಕ್ಕಳ ನಾಮಕರಣ, ಯಾವುದಕ್ಕೂ ಅತ್ತೆ ಮುಯ್ಯಿ ತಪ್ಪಿಸಿದವರಲ್ಲ. ಅವರಿಗೆ ಮಾತ್ರ ಮದುವೆಯೇ ಆಗಲಿಲ್ಲ. ಹಾಗಾಗಿ ಅವರಿಗೊಂದು ಮುಯ್ಯಿ ಮಾಡುವ ದಿನ ನಮಗ್ಯಾರಿಗೂ ಸಿಗಲಿಲ್ಲ. ಸಿಗಲಿಲ್ಲವೋ, ನಾವೇ ಹುಡುಕಲಿಲ್ಲವೋ? ನನಗೆ ನಾಚಿಕೆಯಾಯಿತು. ಜೇಬಿನಲ್ಲಿದ್ದುದನ್ನೆಲ್ಲ ಒಂದು ಖಾಲಿ ಕವರಿಗೆ ತುರುಕಿಕೊಂಡು ವೇದಿಕೆ ಹತ್ತಿದೆ. ತಿರುಗಿ ನೋಡಿದರೆ ಹಿಂದೆ ಮತ್ತೊಂದು ಸಾಲು ನಿಂತಿತ್ತು.

ಕವರ್ ಕೊಟ್ಟು ಕಾಲಿಗೆರಗಿದೆ. ಜೀವನವಿಡೀ ಕೊಟ್ಟೇ ಅಭ್ಯಾಸವಾದ ಅತ್ತೆಗೆ ತೆಗೆದುಕೊಳ್ಳುವುದು ಹೇಗೆಂದೇ ತಿಳಿಯಲಿಲ್ಲ. ತಲೆ ತಗ್ಗಿಸಿ, ಸೆರಗು ಸರಿಮಾಡಿಕೊಂಡು, ಯಾರೋ ನೆಂಟರಿಗೆ ಹೇಳುವ ಹಾಗೆ ನನಗೆ ಮೆಲ್ಲಗೆ ಹೇಳಿದರು:

"ಊಟ ಮಾಡ್ಕೊಂಡೇ ಹೋಗ್ಬೇಕು."