ಎಮ್ಮಿ ಮನಸ್ಸು ನೋಡಿದ ಡಾಕ್ಟರ್

ನಮ್ಮ ಕಾಕಾ ಒಂದು ಎಮ್ಮಿ ಎದುರು ಕುರ್ಚಿ ಹಾಕ್ಕೊಂಡು ಕೂತು, "ಏನ್ ತ್ರಾಸ ಐತವ್ವಾ ನಿನಗ?" ಅಂತ ಕೇಳಿದಾಂವ. ಅಂಥವನ್ನ ವಿಶ್ವವಿದ್ಯಾಲಯದವರು ತಮ್ಮ ದವಾಖಾನಿ ಮನೋರೋಗ ವಿಭಾಗದಾಗ ಇಟ್ಟುಕೊಂಡಿದ್ರು. ರೋಗಿ ಅಂತಲ್ರಿ, ಡಾಕ್ಟರ್ ಅಂತ!

ಮುಂಬಯಿ ರಾಜ್ಯ ಬಿಟ್ಟು ನಾವು ಮೈಸೂರು ರಾಜ್ಯ ಸೇರಿದ ಹೊಸದು. ಆ ವಿಭಾಗನೂ ಹೊಸದು. ಒಂದು ಖೋಲಿ, ಎರಡು ಕುರ್ಚಿ, ಒಬ್ಬ ಕಾಕಾ. ರೋಗಿ ಮಾತ್ರ ಇಲ್ಲ! ಹುಚ್ಚರ ದವಾಖಾನಿ ಮೆಟ್ಟಲ ಹತ್ತಿದವರ ಮನಿಗೆ ಯಾರು ಹೆಣ್ಣು ಕೊಡ್ತಾರ? ಕೆಮ್ಮಿನ ಖೋಲಿ ಮುಂದ ಜಾತ್ರಿ, ಕಾಕಾನ ಖೋಲ್ಯಾಗ ಪಾರಿವಾಳ. "ವರ್ಷದೊಳಗ ರೋಗಿ ಬರದಿದ್ರ ವಿಭಾಗ ಮುಚ್ಚತೇವಿ" ಅಂತ ದೊಡ್ಡ ಸಾಹೇಬರು ಅಂದುಬಿಟ್ರು.

ರೋಗಿ ಹುಡುಕಾಕ ಕಾಕಾ ರಜಾ ಹಾಕಿ ನಮ್ಮೂರು ಗೊಳಸಂಗಿಗೆ ಬಂದ. ಅಷ್ಟರಾಗ ಅವನವ್ವ, ಅಂದ್ರ ನಮ್ಮ ಆಯಿ, ಕೆಲಸ ಕೆಡಿಸಿಟ್ಟಿದ್ಲು. ಸಿಂದಗಿಯಿಂದ ಬಂದ ಹೆಣ್ಣಿನವರಿಗೆ, "ನನ್ನ ಮಗ ದನದ ಡಾಕ್ಟರ್ ಅದಾನ್ರಿ" ಅಂದಿದ್ಲು! ಕಾಕಾ ಸಿಟ್ಟಾದ್ರ, "ಹುಚ್ಚರ ಡಾಕ್ಟರ್ ಅಂದ್ರ ಹೆಣ್ಣು ಸಿಗ್ತೈತೇನೋ ಮಂಗ್ಯಾ?" ಅಂತ ಇವನಿಗೇ ಬೈದ್ಲು. ಆಯಿ ಮಾತು ಊರೆಲ್ಲಾ ಹಬ್ಬಿ, ಮರುದಿನ ಮುಂಜಾನೆ ನಮ್ಮ ಬಾಗಲ ಮುಂದ ಎಮ್ಮಿಗಳ ಪಾಳಿ.

ಕಾಕಾ ಹೆದರಿದನಾ? ಛೇ! ಕುರ್ಚಿ ತರಿಸಿ ಮೊದಲನೇ ಎಮ್ಮಿ ಎದುರು ಕೂತೇಬಿಟ್ಟ. ಎಮ್ಮಿ ಬದಲು ಅದರ ಮಾಲಕ ಹೇಳಿದ: "ಮೇವು ತಿನ್ನೂದಿಲ್ರಿ. ರಾತ್ರಿಯೆಲ್ಲಾ ಕಣ್ಣು ಮುಚ್ಚೂದಿಲ್ಲ."

ಆ ಎಮ್ಮಿ ಅಷ್ಟೊತ್ತಿಗೆ ನಮ್ಮ ಮೇವು ಮುಗಿಸಿ, ಆಯಿ ಒಣಹಾಕಿದ ಸೀರಿ ಸೆರಗು ತಿನ್ನಾಕತ್ತಿತ್ತು.

"ಯಾವಾಗಿಂದ ಹಿಂಗ?"

"ನನ್ನ ತಮ್ಮ ತೀರಿಕೊಂಡಾಗಿಂದ್ರಿ."

ಕಾಕಾ ಮಾಲಕನ ಮಾರಿ ನೋಡಿದ. ಕಣ್ಣು ಕೆಂಪಗಾಗಿದ್ವು. ಕುರ್ಚಿ ಅವನ ಕಡೆ ತಿರುಗಿಸಿ, "ಎಮ್ಮಿ ಬಗ್ಗೆ ಇನ್ನಷ್ಟು ಹೇಳ್ರಿ" ಅಂದ. ಆ ಮನಶಾ ಮಧ್ಯಾಹ್ನದ ತನಕ ಹೇಳಿದ.

ಮುಂದಿನಾಕಿ ಎಮ್ಮಿಗೆ ಅತ್ತಿ ಕಾಟ ಇತ್ತು! "ಎಮ್ಮಿಗೆಲ್ಲಿ ಅತ್ತಿ ಬೇ?" ಅಂತ ಆಯಿ ಕೇಳಿದ್ರ, "ನೀವು ಸುಮ್ನಿರ್ರಿ, ಡಾಕ್ಟರಿಗೆ ತಿಳೀತೈತಿ" ಅಂದ್ಲು. ಬಸವನ ಬಾಗೇವಾಡಿಯಿಂದ ಒಬ್ರು ಎಮ್ಮಿ ಇಲ್ಲದನ ಬಂದು, "ಅದಕ್ಕ ಮಂದಿ ಅಂದ್ರ ನಾಚಿಕಿರಿ, ಮನ್ಯಾಗ ಐತಿ" ಅಂದ್ರು.

ಎಲ್ಲಾರಿಗೂ ಕಾಕಾ ಕೈಮುಗಿದ: "ನಮ್ಮ ದವಾಖಾನಿಗೆ ಬರ್ರಿ, ಅಲ್ಲಿ ಔಷಧ ಐತಿ." ಎಲ್ಲಾರದೂ ಒಂದ ಉತ್ತರ: "ಎಮ್ಮೀನ ಬಸ್ಸಿನ್ಯಾಗ ಹೆಂಗ ತರೂದ್ರಿ?"

ಒಬ್ರೂ ಬರಲಿಲ್ಲ. ವರ್ಷ ಮುಗೀತು. ಕಾಕಾನ ಸಾಮಾನು ಹೊತ್ತು ತರಾಕ ಆಯಿ ಊರಿನ ನಾಕು ಮಂದೀನ ಕರಕೊಂಡು ದವಾಖಾನಿಗೆ ಹೋದ್ಲು, ಸಂಗಡ ನಾನೂ ಇದ್ದೆ. ಕಾಕಾ ಮಾರಿ ಸಣ್ಣದು ಮಾಡಿಕೊಂಡು ಪುಸ್ತಕ ಕಟ್ಟಾಕತ್ತಿದ್ದ. ಆಯಿ ಒಂದು ಗಳಿಗಿ ಅವನ್ನ ನೋಡಿದ್ಲು. ಆಮ್ಯಾಲ ಎಲ್ಲಾರ ಮುಂದ ಹೋಗಿ ಕುರ್ಚಿ ಮ್ಯಾಲ ಕೂತ್ಲು.

"ಅವ್ವಾ, ಅದು ರೋಗಿ ಕುರ್ಚಿ."

"ಗೊತ್ತೈತಿ. ನನಗ ನಿದ್ದಿ ಬರೂದಿಲ್ಲೋ ಮಗನ. ಎಮ್ಮಿಗಲ್ಲ, ನನಗ."

ಕಾಕಾ ರೂಢಿ ಪ್ರಶ್ನಿ ಕೇಳಿದ. "ಯಾವಾಗಿಂದ?"

"ನಿಮ್ಮಪ್ಪ ಹೋದಾಗಿಂದ."

ಅವರಪ್ಪ ಹೋದಾಗ ಕಾಕಾ ಇನ್ನೂ ತೊಟ್ಟಿಲದಾಗಿದ್ದ. ಅವ್ವನ ಕಾಲ ಹತ್ರ ನೆಲದ ಮ್ಯಾಲ ಕೂತು, ಅವಳ ಕೈ ಹಿಡಕೊಂಡು ಅತ್ತ.

ಸಾಮಾನು ಹೊರಾಕ ಬಂದವರಾಗ ಆ ಮೊದಲನೇ ಎಮ್ಮಿ ಮಾಲಕನೂ ಇದ್ದ. ಕೈಯಾಗಿನ ಟ್ರಂಕ್ ಕೆಳಗಿಟ್ಟು, ಬಾಗಲ ಹೊರಗ ಗ್ವಾಡಿಗೆ ಬೆನ್ನು ಹಚ್ಚಿ ನಿಂತ.

"ಆಯಿದು ಆದ ಮ್ಯಾಲ ನಂದು ಪಾಳಿರಿ" ಅಂದ.