ರಕ್ತದೊತ್ತಡದ ಪಾಠಾಂತರಗಳು

ತಾರೀಖು ಕಂಡಲ್ಲಿ ಅದನ್ನು ಪರಿಶೀಲಿಸದೆ ಮುಂದೆ ಹೋಗಲಾರದ ಮನುಷ್ಯ ನಾನು. ಶಾಸನಗಳ ಕಾಲನಿರ್ಣಯದಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಇದು ವೃತ್ತಿಧರ್ಮವೆಂದು ಹೇಳಿಕೊಂಡು ಬಂದಿದ್ದೆ. ನಿವೃತ್ತನಾಗಿ ಹದಿಮೂರು ವರ್ಷವಾದ ಮೇಲೆ ಇದೊಂದು ವ್ಯಾಧಿಯೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರು ಓದುವ ಮೊದಲು ತಾರೀಖು, ವಾರ, ತಿಥಿಗಳಿಗೆ ಪರಸ್ಪರ ಹೊಂದಾಣಿಕೆ ಇದೆಯೇ ಎಂದು ಪಂಚಾಂಗ ತೆರೆದು ನೋಡುತ್ತೇನೆ. ಒಮ್ಮೆ ತಿಥಿ ತಪ್ಪಿದೆಯೆಂದು ಛತ್ರದ ಬಾಗಿಲಲ್ಲೇ ತೋರಿಸಿಕೊಟ್ಟದ್ದಕ್ಕೆ ಹುಡುಗಿಯ ತಂದೆ ಇಂದಿಗೂ ನನ್ನನ್ನು ಮಾತನಾಡಿಸುವುದಿಲ್ಲ. ತಿಥಿ ಮಾತ್ರ ತಪ್ಪೇ ಆಗಿತ್ತು.

ಈಗ ಹೇಳಹೊರಟ ಸಂಗತಿ ನಡೆದದ್ದು ನಮ್ಮ ಗೌರಿಬಿದನೂರು ಕೋಲಾರ ಜಿಲ್ಲೆಯಿಂದ ಬಿಡಿಸಿಕೊಂಡು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಮರುವರ್ಷ. (ಆ ಬದಲಾವಣೆಯಿಂದ ನನ್ನ ಅಡಿಟಿಪ್ಪಣಿಗಳಲ್ಲಿ ಎಷ್ಟು ತಿದ್ದುಪಡಿ ಮಾಡಬೇಕಾಯಿತೆಂಬುದನ್ನು ಸರ್ಕಾರ ಯೋಚಿಸಿದಂತೆ ಕಾಣಲಿಲ್ಲ.) ತರುಣನಾಗಿದ್ದಾಗ ನಾನು ಚಿಂತಾಮಣಿ ಬಳಿಯ ಕೆಂಚಾರ್ಲಹಳ್ಳಿಯ ಕಡೆಯ ಹೊಲವೊಂದರ ಬದುವಿನಲ್ಲಿ ನಿಂತಿದ್ದ ವೀರಗಲ್ಲನ್ನು ಓದಿ, ಅದರ ಶಕವರ್ಷದ ಕೊನೆಯ ಅಂಕಿ ಒಂಬತ್ತೆಂದು ಪ್ರಕಟಿಸಿದ್ದೆ. ಆ ಒಂಬತ್ತಿನ ಮೇಲೆ ಒಂದು ಸಿದ್ಧಾಂತ, ಸಿದ್ಧಾಂತದ ಮೇಲೆ ಒಂದು ಪುಸ್ತಕ. ಪುಸ್ತಕ ಮರುಮುದ್ರಣಕ್ಕೆ ಹೊರಟಿರುವಾಗ ಚಿಂತಾಮಣಿಯ ಸಂಶೋಧಕ ಮಿತ್ರರೊಬ್ಬರು, ‘ಅದು ಆರು ಇರಬಹುದೆ? ದಯವಿಟ್ಟು ಇನ್ನೊಮ್ಮೆ ನೋಡಿ’ ಎಂದು ಕಾರ್ಡು ಬರೆದರು. ವಿನಯದಿಂದ ಬರೆದಿದ್ದರು, ಆದ್ದರಿಂದ ಹೆಚ್ಚು ಉರಿಯಿತು. ಮರುದಿನವೇ ಹೊರಟೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಚಿಂತಾಮಣಿ ಬಸ್ಸಿನ ಬೋರ್ಡು ಎರಡಾಗಿ ಕಂಡಿತು. ಎರಡರಲ್ಲಿ ಯಾವುದು ಮೂಲಪಾಠವೆಂದು ನಿರ್ಣಯಿಸುವಷ್ಟರಲ್ಲಿ ಕುಸಿದು ಕುಳಿತಿದ್ದೆ. ಹೂವು ಮಾರುವ ಹೆಂಗಸೊಬ್ಬಳು ಸೋಡಾ ಕುಡಿಸಿ, ವಾಪಸ್ಸು ನಮ್ಮೂರಿನ ಬಸ್ಸು ಹತ್ತಿಸಿದಳು.

ನಮ್ಮ ಬೀದಿಯ ಡಾಕ್ಟರು ಸಹನೆಯುಳ್ಳವರು. “ಬೀಪಿ ನೂರೆಂಬತ್ತು ಸಾರ್. ಇವತ್ತಿಂದ ಮಾತ್ರೆ. ಒಂದು ತಿಂಗಳು ಮನೇಲೇ ದಿನಾ ನೋಡ್ಕೊಳ್ಳಿ. ಮೇಲಿನ ಅಂಕಿ ನೂರನಲವತ್ತರ ಒಳಗಿದ್ರೆ ಎಲ್ಲಿಗೆ ಬೇಕಾದ್ರೂ ಒಬ್ಬರೇ ಹೋಗಿ. ಇಲ್ಲಾಂದ್ರೆ ಊರು ಬಿಟ್ಟು ಕದಲೋ ಹಾಗಿಲ್ಲ,” ಎಂದರು. ಹೀಗೆ ನನ್ನ ಒಂಬತ್ತರ ಮಾನ, ನೂರನಲವತ್ತರ ಕೈಗೆ ಸಿಕ್ಕಿತು.

ಶಿಡ್ಲಘಟ್ಟದ ಶಾಲೆಯಲ್ಲಿ ಪಾಠ ಹೇಳುವ ನಮ್ಮ ಮಗಳು ವಸುಧಾ ಮುಂದಿನ ಭಾನುವಾರವೇ ಒಂದು ಯಂತ್ರ ತಂದಳು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅದು ಗುರ್ರೆಂದು ಉಬ್ಬಿ, ನಿಟ್ಟುಸಿರಿನೊಂದಿಗೆ ಇಳಿದು, ಅಂಕಿಗಳನ್ನು ತೋರಿಸುತ್ತದೆ. “ಬರ್ಕೊಳ್ಳೋದೇ ಬೇಡ ಕಣಪ್ಪ, ತಾರೀಖಿನ ಸಮೇತ ಅದೇ ಜ್ಞಾಪಕ ಇಟ್ಕೊಳ್ಳುತ್ತೆ,” ಎಂದಳು. ನಾನು ತಕ್ಷಣ ತಾರೀಖು ನೋಡಿದೆ. ಯಂತ್ರದ ಪ್ರಕಾರ ಅಂದು ಎರಡು ಸಾವಿರನೆಯ ಇಸವಿಯ ಜನವರಿ ಒಂದು!

“ಅದನ್ನ ಸೆಟ್ ಮಾಡ್ಬೇಕು, ಇಲ್ಲಿ ಕೊಡಪ್ಪ.”

“ಮುಟ್ಟಬೇಡ,” ಎಂದೆ. ಮೂಲವನ್ನು ತಿದ್ದುವವರನ್ನು ಜೀವಮಾನವೆಲ್ಲ ಖಂಡಿಸಿದವನು ನಾನು. ಶಾಲಿವಾಹನ ಶಕೆಗೆ ಎಪ್ಪತ್ತೆಂಟು ಕೂಡಿಸಿ ಕ್ರಿಸ್ತಶಕಕ್ಕೆ ಬರುವವನಿಗೆ ಇದೇನು ಮಹಾ? ಇಂತಿಷ್ಟು ವರ್ಷ, ಇಂತಿಷ್ಟು ದಿನ ಕೂಡಿಸಬೇಕೆಂದು ಸೂತ್ರ ಬರೆದು, ಅದಕ್ಕೆ ‘ಯಂತ್ರಶಕೆ’ ಎಂದು ನಾಮಕರಣ ಮಾಡಿ, ಸೂತ್ರವನ್ನು ಯಂತ್ರದ ಬೆನ್ನಿಗೆ ಅಂಟಿಸಿದೆ. ಹತ್ತನೆಯ ದಿನ ಯಂತ್ರ ಮತ್ತೆ ಜನವರಿ ಒಂದಕ್ಕೆ ಹಿಂದಿರುಗಿತು. ವಿಚಾರಿಸಿದಾಗ ನನ್ನ ಪತ್ನಿ ಸಾವಿತ್ರಿ ಅಡುಗೆಮನೆಯಿಂದಲೇ ಹೇಳಿದಳು: “ಗೋಡೆ ಗಡಿಯಾರ ನಿಂತ್ಹೋಗಿತ್ತು ಕಣ್ರೀ. ಯಂತ್ರದ್ದೊಂದು ಸೆಲ್ ತೆಗೆದು ಅದಕ್ಕೆ ಹಾಕ್ದೆ. ಸಂಜೆ ಇದಕ್ಕೆ ಹೊಸದು ಹಾಕಿದ್ನಲ್ಲ!” ಅಂದಿನಿಂದ ಯಂತ್ರಶಕೆಯಲ್ಲಿ ಪೂರ್ವ, ಉತ್ತರ ಎಂದು ಎರಡಾದವು.

ಇಷ್ಟೇ ಆಗಿದ್ದರೆ ನಿಭಾಯಿಸಬಹುದಿತ್ತು. ಆದರೆ ನಮ್ಮ ಬೀದಿಯಲ್ಲಿ ಒಬ್ಬರ ಮನೆಗೆ ಬಂದ ಯಂತ್ರ ಒಬ್ಬರದಾಗಿ ಉಳಿಯುವುದಿಲ್ಲ. ಎದುರುಮನೆಯ ನಾಗರತ್ನಮ್ಮನವರು ಕರಿಬೇವು ಕೇಳಲು ಬಂದವರು, “ಅಮ್ಮೋ, ಒಕಸಾರಿ ನನಗೂ ಕಟ್ರಮ್ಮ,” ಎಂದು ತೋಳು ಚಾಚಿದರು. ಬಾಣಂತನಕ್ಕೆ ತವರಿಗೆ ಬಂದಿದ್ದ ಪಕ್ಕದ ಮನೆಯ ಮುಬೀನಾ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಕಟ್ಟಿಸಿಕೊಂಡಳು. ಕುಡುಮಲಕುಂಟೆಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಮಂಜುನಾಥ, ಮೇಲ್ವಿಚಾರಕನೊಡನೆ ಜಗಳವಾದ ದಿನಗಳಲ್ಲಿ ತಪ್ಪದೆ ಬರುತ್ತಿದ್ದ. ಸಾವಿತ್ರಿ ಎಲ್ಲರಿಗೂ ಪಟ್ಟಿ ಕಟ್ಟಿದಳು, ಎಲ್ಲರಿಗೂ ಕಾಫಿ ಕೊಟ್ಟಳು, ಆಮೇಲೆ ಎಲ್ಲರಿಗೂ ಉಪ್ಪು ಕಡಿಮೆ ಮಾಡಲು ಹೇಳಿದಳು. ಯಂತ್ರವಂತೂ ಭೇದಭಾವವಿಲ್ಲದೆ ಎಲ್ಲರನ್ನೂ ನೆನಪಿಟ್ಟುಕೊಂಡಿತು. ಹೆಸರೊಂದನ್ನು ಬಿಟ್ಟು.

ತಿಂಗಳ ಕೊನೆಗೆ ಅದರ ಹೊಟ್ಟೆಯಲ್ಲಿದ್ದ ಐವತ್ತಾರು ಪಾಠಗಳಲ್ಲಿ ನನ್ನವು ಯಾವುವು, ಪರರು ಸೇರಿಸಿದ ಪ್ರಕ್ಷಿಪ್ತ ಯಾವುವು ಎಂದು ವಿಂಗಡಿಸಲು ಕುಳಿತೆ. ಮೂರು ದಿನ ಇತರ ಬರವಣಿಗೆಯನ್ನೆಲ್ಲ ಬದಿಗಿಟ್ಟೆ. ಆಂತರಿಕ ಸಾಕ್ಷ್ಯವೇ ನನಗೆ ಆಧಾರ. ನೂರಅರವತ್ತೆರಡು ಬುಧವಾರದ್ದು, ನಾಗರತ್ನಮ್ಮನವರಿಗೆ ಉಪ್ಪಿನಕಾಯಿಯೆಂದರೆ ಪ್ರಾಣ, ಆದ್ದರಿಂದ ಅದು ಅವರದು. ನೂರಎಪ್ಪತ್ತು ಕೋಪಿಷ್ಠನ ಅಂಕಿ, ಸಹಜವಾಗಿ ಮಂಜುನಾಥನದು. ನೂರಹದಿನೆಂಟು, ನೂರಇಪ್ಪತ್ತು ಮುಂತಾದ ಸೌಮ್ಯ ಪಾಠಗಳಲ್ಲಿ ಶಾಸ್ತ್ರಾಧ್ಯಯನದಿಂದ ಬಂದ ಶಾಂತಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವು ನನ್ನವೆಂಬುದರಲ್ಲಿ ಸಂದೇಹಕ್ಕೆ ಆಸ್ಪದವಿರಲಿಲ್ಲ. ಹನ್ನೊಂದು ಪುಟ, ಇಪ್ಪತ್ತಮೂರು ಅಡಿಟಿಪ್ಪಣಿ, ಕೊನೆಗೊಂದು ಕೋಷ್ಟಕ. ಸರಾಸರಿ: ನೂರಇಪ್ಪತ್ತೊಂಬತ್ತು. ಮನಸ್ಸಿನಲ್ಲೇ ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ.

ಡಾಕ್ಟರು ಮೊದಲ ಪುಟ ಓದಿದರು, ಕೊನೆಯ ಪುಟ ನೋಡಿದರು, ನಂತರ ಸಾವಿತ್ರಿಯ ಕಡೆ ತಿರುಗಿದರು. “ಅಮ್ಮಾ, ಬುಧವಾರದ ನೂರಅರವತ್ತೆರಡು ಎದುರುಮನೆಯವರದ್ದಂತೆ. ಹೌದಾ?”

“ಎಲ್ಲಿಂದ ಬರ್ತಾರೆ? ಅವತ್ತು ಅವರು ತಿರುಪತೀಲಿದ್ರು. ಇವರದ್ದೇ ಅದು. ಪ್ರೆಸ್ಸಿನೋರು ಫೋನ್ ಮಾಡಿದ್ರಲ್ಲ, ಪುಸ್ತಕ ಯಾವಾಗ ಕೊಡ್ತೀರ ಅಂತ.”

“ನೂರಎಪ್ಪತ್ತು?”

“ಇವರದ್ದೇ. ಆ ಚಿಂತಾಮಣಿಯವರ ಕಾರ್ಡು ಮತ್ತೆ ತೆಗೆದು ಓದ್ತಾ ಇದ್ರು. ಮಂಜು ಪಾಪ ಆ ವಾರ ರಾತ್ರಿಪಾಳಿ, ಹಗಲೆಲ್ಲ ಮಲಗಿದ್ದ.”

“ನೂರಹದಿನೆಂಟು?”

ಸಾವಿತ್ರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಅದು ಮುಬೀನಾದು ಡಾಕ್ಟರೇ! ಬಾಣಂತಿ ಬೀಪೀನ ಇವರು ಹೊಡ್ಕೊಂಡ್ಬಿಟ್ಟಿದ್ದಾರೆ!”

ಮೌಖಿಕ ಪರಂಪರೆಯನ್ನು ಲಿಖಿತ ಪ್ರಮಾಣಕ್ಕಿಂತ ಮೇಲೆ ಇಡುವುದು ಅಶಾಸ್ತ್ರೀಯವೆಂದು ನಾನು ಆಕ್ಷೇಪಿಸಿದೆ. “ಕಟ್ಟಿದೋಳು ನಾನು,” ಎಂದಳು ಸಾವಿತ್ರಿ. ಡಾಕ್ಟರು ಅಲ್ಲೇ ನನ್ನ ತೋಳಿಗೆ ತಮ್ಮ ಪಟ್ಟಿ ಸುತ್ತಿದರು. ನೂರಎಪ್ಪತ್ತೆರಡು. ಒಂದೇ ಪ್ರತಿಯನ್ನು ನಂಬಿ ನಿರ್ಣಯಕ್ಕೆ ಬರಬಾರದೆಂದೆ. ಅವರು ಪ್ರತ್ಯಂತರ ತೆಗೆದರು. ನೂರಎಪ್ಪತ್ತೆಂಟು. ಮೂರನೆಯದನ್ನು ನಾನು ಕೇಳಲಿಲ್ಲ.

ಮಾತ್ರೆ ಎರಡಾಯಿತು. ಯಂತ್ರ ನೋಡುವ ಅಧಿಕಾರ ಪೂರ್ತಿಯಾಗಿ ಸಾವಿತ್ರಿಗೆ ಹೋಯಿತು. ಅವಳು ಅದರ ತಾರೀಖನ್ನು ಅರ್ಧ ನಿಮಿಷದಲ್ಲಿ ಸರಿಮಾಡಿ, ನನ್ನ ಸೂತ್ರವನ್ನು ಉಗುರಿನಿಂದ ಕೆರೆದು ತೆಗೆದಳು. ಮತ್ತೊಂದು ತಿಂಗಳಿಗೆ ಅಂಕಿಗಳು ತಕ್ಕಮಟ್ಟಿಗೆ ಇಳಿದವು. “ಹೋಗಿ ಬನ್ನಿ ಸಾರ್. ಹೋಗದೆ ಇದ್ರೆ ಆ ಕಲ್ಲಿನ ಯೋಚನೇಲೇ ಇನ್ನೂ ಏರುತ್ತೆ,” ಎಂದರು ಡಾಕ್ಟರು. “ಒಬ್ಬರೇ ಮಾತ್ರ ಬೇಡ.”

ಹೀಗೆ ನನ್ನ ಸಂಶೋಧನೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಸಾವಿತ್ರಿ ಕ್ಷೇತ್ರಕಾರ್ಯಕ್ಕೆ ಬಂದಳು. ಕಲ್ಲು ಇದ್ದಲ್ಲೇ ಇತ್ತು. ಸುತ್ತ ಹಿಪ್ಪುನೇರಳೆ ಬೆಳೆದಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಹಿಟ್ಟು ಸವರಿ, ಭೂತಗನ್ನಡಿ ಹಿಡಿದು ಬಗ್ಗಿದೆ. ಅಂಕಿ ಬೆಳಗಿನ ಬಿಸಿಲಲ್ಲಿ ನಿಚ್ಚಳವಾಗಿ ಎದ್ದು ಕಂಡಿತು. ಆರು. ಕನ್ನಡಿಯನ್ನು ಹತ್ತಿರ ತಂದರೂ ಆರು, ದೂರ ಒಯ್ದರೂ ಆರು. ತರುಣನಾಗಿದ್ದಾಗ ನಾನು ಒಂಬತ್ತನ್ನು ಹುಡುಕಿಕೊಂಡು ಬಂದಿದ್ದೆ. ಕಲ್ಲು ಪಾಪ ಸುಮ್ಮನೆ ನಿಂತಿತ್ತು.

“ಏನ್ರೀ, ಏನಂತೆ?” ಎಂದಳು ಸಾವಿತ್ರಿ, ಕೊಡೆಯ ನೆರಳಿನಿಂದ.

“ನಾನು ಓದಿದ್ದೇ ಸರಿ,” ಎಂದೆ, ಕೈಯ ಹಿಟ್ಟು ಒರೆಸಿಕೊಳ್ಳುತ್ತ.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಚೀಲಕ್ಕೆ ಕೈ ಹಾಕಿದಾಗ ಮೊಸರನ್ನದ ಡಬ್ಬಿಯಿರಬೇಕೆಂದುಕೊಂಡೆ. ಹೊರಬಂದದ್ದು ಯಂತ್ರ.

“ಅಂಗಿ ತೋಳು ಮೇಲೆ ಮಾಡ್ಕೊಂಡು ಈ ಬದುವಿನ ಮೇಲೆ ಕೂತ್ಕೊಳ್ಳಿ,” ಎಂದಳು, ಪಟ್ಟಿ ಬಿಚ್ಚುತ್ತ. “ಆಮೇಲೆ ಇನ್ನೊಂದ್ಸಲ ಹೇಳಿ.”